ಗೋಡೆಯ ತಂಪು

ಔರಾದದ ಕಡೆಯ ಹಳೆಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ವೈಶಾಖದ ಬಿಸಿಲಿಗೆ ಅದಕ್ಕಿಂತ ಸುಖವಾದ ಆಸರೆಯುಂಟೆ? ಆದರೆ ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರ ಬೆಳಗಿನ ಜಾವದಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ, ಇಂಥ ಗೋಡೆಗಳೇ ಕುಸಿದು, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನರ ಪ್ರಾಣವನ್ನು ಕೊಂಡುವು. ಬೇಸಗೆಯಲ್ಲಿ ಪೊರೆದುದೇ ಕೊಂದಿತು.

ಹಾಗಾದರೆ ಅಪಾಯದ ನೆಲದಲ್ಲಿ ನೆಮ್ಮದಿಯಿಂದ ಬಾಳುವುದು ಅವಿವೇಕವೆ? ಅನ್ನವಿತ್ತ ಎರೆಹೊಲವನ್ನು ತೊರೆಯೆಂದು ಒಕ್ಕಲಿಗನಿಗೆ ಹೇಳುವುದು ಸುಲಭ. ಆಪತ್ತಿಲ್ಲದ ನೆಲವನ್ನು ತೋರಿಸುವುದು ಕಷ್ಟ. ದೋಷವಿರುವುದು ಸುಖದಲ್ಲಲ್ಲ, ಮರೆವಿನಲ್ಲಿ. ಗೋಡೆಯ ಒಳಹೊರಗನ್ನು ಕೂಡಿಸುವ ಉದ್ದಗಲ್ಲು, ಸುತ್ತಲೂ ಬಿಗಿಹಿಡಿಯುವ ಪಟ್ಟಿ, ಇವುಗಳ ಉಪಯೋಗವನ್ನು ತಿಳಿದೂ ಮಕ್ಕಳನ್ನು ಸಡಿಲ ಗೋಡೆಯ ಬದಿಯಲ್ಲಿ ಮಲಗಿಸುವುದು ತಪ್ಪು. ಅದಕ್ಕೆ ಹಣವಿಲ್ಲದ ಬಡವನ ಪಾಲಿಗೆ ಆ ತಪ್ಪು ಅವನದಲ್ಲ, ಉಳ್ಳ ನೆರೆಯವರದು.