ಕಟ್ಟಿದವರ ಋಣ

ಧರ್ಮರಾಯನ ಜೊತೆ ನಡೆದ ನಾಯಿಯ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಹಾಪ್ರಸ್ಥಾನದ ದಾರಿಯಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು, ನಾಯಿಯೊಂದು ಉಳಿಯಿತು. ರಥ ತಂದ ಇಂದ್ರ ಅದನ್ನು ಬಿಟ್ಟು ಹತ್ತಲು ಹೇಳಿದ. ನಂಬಿ ಬಂದದ್ದನ್ನು ಕೈಬಿಟ್ಟು ಪಡೆಯುವ ಸ್ವರ್ಗ ಧರ್ಮರಾಯನಿಗೆ ಬೇಡವಾಯಿತು. ಈ ಕಥೆ ಕೇಳಿದಾಗಲೆಲ್ಲ ನನ್ನನ್ನು ಒಂದು ಸಂಗತಿ ಕಾಡುತ್ತದೆ. ಆ ನಾಯಿಯ ಕೊರಳಲ್ಲಿ ಹಗ್ಗವಿರಲಿಲ್ಲ. ತಾನಾಗಿ ಬಂದಿತ್ತು, ಬೇಡವೆನಿಸಿದ್ದರೆ ತಿರುಗಿ ಹೋಗಬಹುದಿತ್ತು. ಗುಬ್ಬಿ ತಾಲ್ಲೂಕಿನ ನಮ್ಮ ಮನೆಯ ನಾಯಿಗೆ ಆ ದಾರಿಯಿಲ್ಲ. ರಾತ್ರಿ ಅದನ್ನು ಕಂಬಕ್ಕೆ ಚೈನು ಹಾಕಿ ಕಟ್ಟುವವಳು ನಾನು. ಕೊಟ್ಟಿಗೆಯ ಹಸುವಿಗೆ ಕಣ್ಣಿ ಬಿಗಿಯುವವಳೂ ನಾನೇ.

ಹಾಗಾದರೆ ನನ್ನ ಹೊಣೆ ಧರ್ಮರಾಯನ ಹೊಣೆಗಿಂತ ದೊಡ್ಡದು.

ಪ್ರವಾಹದ ನೀರಿನಲ್ಲಿ ಕಟ್ಟಿದ ದನ ಹೋದರೆ 'ಅದರ ಋಣ ತೀರಿತು' ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ದೇವರನ್ನು ನಂಬುವವಳು, ಪ್ರಾರಬ್ಧವನ್ನೂ ನಂಬುತ್ತೇನೆ. ಆದರೆ ಈ ಮಾತನ್ನು ಒಪ್ಪಲಾರೆ. ಬಿಟ್ಟ ಪ್ರಾಣಿ ನೀರು ಏರುತ್ತಲೇ ದಿಬ್ಬ ಹುಡುಕಿಕೊಂಡು ಓಡುತ್ತದೆ. ಕಟ್ಟಿದ್ದು ಓಡಲಾರದು. ಗೂಟ ನೆಟ್ಟದ್ದು ವಿಧಿಯಲ್ಲ, ನಾವು. ತೀರದೆ ಉಳಿಯುವುದು ನಮ್ಮ ಋಣ.

ಬಯಲುಸೀಮೆಯಲ್ಲಿ ಎಂಥ ಪ್ರವಾಹ ಎನ್ನಬೇಡಿ. ಬರ ಕಂಡೇ ಬೆಳೆದ ನಮ್ಮ ಜಿಲ್ಲೆಯಲ್ಲಿ 2022ರ ಮಳೆಗಾಲಕ್ಕೆ ಕೆರೆಗಳು ಕೋಡಿ ಬಿದ್ದವು, ತುಮಕೂರು ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಗುಬ್ಬಿಯ ಕಡಬ ಕೆರೆ ತುಂಬಿಸಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಆ ಅಣೆಕಟ್ಟೆಯನ್ನು ನೋಡಿದಾಗ ಕಟ್ಟಿದವರಿಗೆ ಕೈಮುಗಿಯಬೇಕೆನಿಸುತ್ತದೆ. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್‌ಗಳು ತಾವಾಗಿ ಹರಿಯತೊಡಗುತ್ತವೆ, ನಡುರಾತ್ರಿ ಯಾರೂ ಎದ್ದು ಬಂದು ಗೇಟು ತೆಗೆಯಬೇಕಿಲ್ಲ. ಮಳೆ ಬರುವ ಮೊದಲೇ ಮಳೆಯ ಬಗ್ಗೆ ಯೋಚಿಸಿದವರ ಕೆಲಸ ಅದು. ನನ್ನ ಪ್ರಕಾರ ದಯೆಯೆಂದರೆ ಅದೇ. ನೀರು ಹೊಸ್ತಿಲಿಗೆ ಬಂದ ಮೇಲೆ ಎದೆಯಲ್ಲಿ ಮರುಕ ಹುಟ್ಟುತ್ತದೆ, ಆದರೆ ನಡುಗುವ ಬೆರಳಿಗೆ ನೆನೆದು ಬಿಗಿದ ಗಂಟು ಬಿಚ್ಚಲು ಬರುವುದಿಲ್ಲ.

ಅದಕ್ಕೇ ನಮ್ಮಲ್ಲಿ ಹಸುವಿನ ಹಗ್ಗಕ್ಕೆ ಜೀರುಗಂಟು. ತುದಿ ಹಿಡಿದು ಎಳೆದರೆ ಸಾಕು, ಮೊಮ್ಮಗಳೂ ಬಿಚ್ಚುತ್ತಾಳೆ. ಅವಳಿಗೆ ಕಣ್ಣು ಮುಚ್ಚಿಸಿ ಬಿಚ್ಚಿಸಿದ್ದೇನೆ, ಏಕೆಂದರೆ ಅಂಥ ರಾತ್ರಿ ಕರೆಂಟು ಇರುವುದಿಲ್ಲ. ಬೆಕ್ಕಿಗೆ ಮುಚ್ಚಳವಿರುವ ಬುಟ್ಟಿಯಿದೆ. ಮಳೆಯಿಲ್ಲದ ದಿನಗಳಲ್ಲೂ ಅದು ಅದರಲ್ಲೇ ಮಲಗುತ್ತದೆ, ಗಾಬರಿಯಲ್ಲಿ ಹೊಸ ಬುಟ್ಟಿಗೆ ಯಾವ ಬೆಕ್ಕೂ ಇಳಿಯದು. ನಾಯಿಯ ರೇಬಿಸ್ ಲಸಿಕೆಯ ಚೀಟಿ, ಅದರ ಫೋಟೋ ಪಡಿತರ ಚೀಟಿಯ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆ. ದಿಬ್ಬದ ಮೇಲಿನ ನೆಂಟರ ಮನೆಯಲ್ಲಿ ಮೊದಲೇ ಮಾತಾಗಿದೆ. ಇವನ್ನು ನಾನು ಪೂಜೆಯಿಂದ ಬೇರೆ ಎಂದು ಎಣಿಸುವುದಿಲ್ಲ.

ಪರಿಹಾರ ಕೇಂದ್ರದಲ್ಲಿ ಮನುಷ್ಯರಿಗೇ ಜಾಗವಿಲ್ಲದಾಗ ನಾಯಿಯ ಮಾತೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಗು ಮೊದಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಸಾಕುಪ್ರಾಣಿ ಬಿಟ್ಟು ಬರಲೊಲ್ಲದೆ ಎಷ್ಟೋ ಜನ ಮನೆಯಲ್ಲೇ ಉಳಿದು ಜೀವಕ್ಕೆ ಅಪಾಯ ತಂದುಕೊಂಡರು. ಮರುವರ್ಷವೇ ಅಲ್ಲಿ ರಕ್ಷಣಾ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂಬ ಕಾನೂನು ಬಂತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗಲೂ ಜನ ಪರಿಹಾರ ಕೇಂದ್ರ ಸೇರಿದರು, ದನ ನಾಯಿಗಳು ಹಿಂದೆ ಉಳಿದವು. ನಮ್ಮ ಸಂವಿಧಾನದ 51ಎ ವಿಧಿ ಜೀವಿಗಳ ಮೇಲೆ ಕರುಣೆಯನ್ನು ಪ್ರಜೆಯ ಕರ್ತವ್ಯವೆಂದೇ ಹೇಳಿದೆ.

ಶಿವರಾತ್ರಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಕೂಡಿಸುವ ಜಿಲ್ಲೆ ಇದು. ಊರೂರಲ್ಲಿ ನೆರೆ ಬಂದಾಗ ಜನರಿಗೆ ಆಸರೆಯಾಗುವ ಸಮುದಾಯ ಭವನ, ಶಾಲೆ, ಕಲ್ಯಾಣಮಂಟಪಗಳ ಬೀಗದ ಕೈ ಇಟ್ಟುಕೊಂಡವರಲ್ಲಿ ನನ್ನ ಬೇಡಿಕೆ ಒಂದೇ: ಮುಂಗಾರಿಗೆ ಮುಂಚೆ ಹಿತ್ತಿಲಲ್ಲಿ ಒಂದು ಶೀಟಿನ ಚಪ್ಪರ ಹಾಕಿಸಿ, ಪಶು ಆಂಬುಲೆನ್ಸಿನ 1962 ನಂಬರನ್ನು ಬಾಗಿಲ ಮೇಲೆ ಬರೆಸಿ, ಪ್ರಾಣಿಗಳನ್ನು ಕರೆತಂದವರನ್ನು ವಾಪಸು ಕಳಿಸಬೇಡಿ.