ಕಲಿತದ್ದರಲ್ಲಿ ಉಳಿಯಬೇಕಾದದ್ದೆಷ್ಟು?

ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವ ತಂದೆತಾಯಿಗಳು ಇಂದು ಅಲ್ಲಲ್ಲಿ ಕಾಣಸಿಗುತ್ತಾರೆ. ಅವರನ್ನು ಬಾಧಿಸುವ ಚಿಂತೆಯೊಂದುಂಟು. ಹೋದ ವರ್ಷ ಶ್ರಮವಹಿಸಿ ಕಲಿಸಿದ ಪಾಠ ಈ ವರ್ಷ ಮಗುವಿಗೆ ನೆನಪಿಲ್ಲ. ಶಾಲೆಯಲ್ಲಾದರೆ ಪರೀಕ್ಷೆ ಮುಗಿದ ಮೇಲೆ ಆ ಮರೆವು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಸಾಕುವವರೂ ಕಲಿಸುವವರೂ ಒಬ್ಬರೇ ಆದುದರಿಂದ ಅದು ದಿನವೂ ಎದುರಿಗೆ ಬಂದು ನಿಲ್ಲುತ್ತದೆ. ಬಸದಿಯ ಪಾಠಶಾಲೆಯಲ್ಲಿ ಸ್ತೋತ್ರವನ್ನು ಒಪ್ಪಿಸಿ ಮರುವರ್ಷ ಮರೆಯುವ ಮಕ್ಕಳ ವಿಷಯದಲ್ಲಿಯೂ ಪ್ರಶ್ನೆ ಇದೇ. ಕಲಿತದ್ದರಲ್ಲಿ ಎಷ್ಟು ಉಳಿಯಬೇಕು?

ಈ ಪ್ರಶ್ನೆಯನ್ನು ನಾಡಿನ ಎಲ್ಲ ಮನೆಗಳೂ ಒಮ್ಮೆ ಎದುರಿಸಿದವು. 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ, 2021ರ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿದರು. ಶೇಕಡ 92 ಮಕ್ಕಳು ಹಿಂದೆ ಗಳಿಸಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇಕಡ 82 ಮಕ್ಕಳು ಗಣಿತದ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಕ್ಕಳು ಮರೆತದ್ದು ಅರಸರ ಹೆಸರುಗಳನ್ನಲ್ಲ; ಓದಿದ್ದನ್ನು ಅರ್ಥಮಾಡಿಕೊಳ್ಳುವುದು, ಸರಳ ವಾಕ್ಯ ಬರೆಯುವುದು, ಲೆಕ್ಕ ಮಾಡುವುದು ಇಂತಹವನ್ನು. ಅರಸನ ಹೆಸರನ್ನು ಮರೆತವನು ಪುಸ್ತಕ ತೆರೆದು ನೋಡಬಹುದು. ಓದುವುದನ್ನೇ ಮರೆತವನು ಏನನ್ನು ತೆರೆಯಬೇಕು? ಎಲ್ಲ ಮರೆವೂ ಒಂದೇ ತೂಕದ್ದಲ್ಲ.

ನಮ್ಮ ಆಚಾರ್ಯರು ಈ ವಿಷಯವನ್ನು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ಹೇಳಿದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಮೊದಲು ವಸ್ತುವು ಸಾಮಾನ್ಯವಾಗಿ ಗೋಚರಿಸುತ್ತದೆ, ಅನಂತರ ಇದೇನೆಂದು ತಿಳಿಯುವ ಹಂಬಲ ಹುಟ್ಟುತ್ತದೆ, ಆಮೇಲೆ ನಿಶ್ಚಯವಾಗುತ್ತದೆ, ನಿಶ್ಚಯವಾದದ್ದು ಮರೆಯದಂತೆ ನೆಲೆಗೊಳ್ಳುವುದೇ ಧಾರಣೆ. ನಾವು ಮಾಡುತ್ತಿರುವುದಾದರೂ ಏನು? ಮಗುವಿನಲ್ಲಿ ಈಹೆ ಹುಟ್ಟುವ ಮೊದಲೇ ಧಾರಣೆಯನ್ನು ಕೇಳುತ್ತೇವೆ. ಬೀಜ ಬಿತ್ತದ ಹೊಲದಲ್ಲಿ ಕಣ ಮಾಡಲು ಹೊರಟಂತೆ ಇದು. ಸ್ವಾಧ್ಯಾಯದ ಐದು ಅಂಗಗಳಲ್ಲಿಯೂ ವಾಚನೆ, ಪೃಚ್ಛನೆ, ಅನುಪ್ರೇಕ್ಷೆಗಳು ಮುಂದೆ ಬಂದು, ಶುದ್ಧವಾಗಿ ಪಾಠವನ್ನು ಮತ್ತೆ ಮತ್ತೆ ಹೇಳುವ ಆಮ್ನಾಯವು ನಾಲ್ಕನೆಯದಾಗಿ ಬರುತ್ತದೆ. ಕಂಠಪಾಠವನ್ನು ಹಿರಿಯರು ಹಳಿಯಲಿಲ್ಲ. ಅದಕ್ಕೊಂದು ಸ್ಥಾನ ಕೊಟ್ಟರು, ಅಷ್ಟೇ.

ವ್ಯಾಪಾರಸ್ಥರಿಗೆ ಇದು ತಿಳಿಯದ ಸಂಗತಿಯಲ್ಲ. ಅಂಗಡಿಯಲ್ಲಿ ಕಿರ್ದಿ ಇದೆ, ಖಾತೆ ಇದೆ. ಮೂರು ವರ್ಷದ ಹಿಂದಿನ ಕಿರ್ದಿಯನ್ನು ಯಾವ ವ್ಯಾಪಾರಿಯೂ ಬಾಯಿಪಾಠ ಮಾಡುವುದಿಲ್ಲ. ಆದರೆ ಮಗ್ಗಿ ತಲೆಯಲ್ಲಿರಬೇಕು, ತೂಕದ ಅಂದಾಜು ಕೈಯಲ್ಲಿರಬೇಕು, ಯಾವ ಪುಟದಲ್ಲಿ ಏನಿದೆಯೆಂಬ ತಿಳಿವಳಿಕೆ ಇರಬೇಕು, ಸಂಜೆ ಲೆಕ್ಕ ತಾಳೆ ನೋಡದೆ ಬಾಗಿಲು ಹಾಕಬಾರದೆಂಬ ಅಭ್ಯಾಸವಿರಬೇಕು. ಈ ನಾಲ್ಕು ಉಳಿದರೆ ಮಿಕ್ಕದ್ದನ್ನು ಪುಸ್ತಕ ಹೊತ್ತುಕೊಳ್ಳುತ್ತದೆ.

ಉಳಿಯಬೇಕಾದದ್ದು ಉಳಿಯುವ ಬಗೆ ಯಾವುದು? ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರ ಸಮಾಜದವರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಆರಾಧಿಸುವ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ಅಲ್ಲಿ ಅಪಾರ ಜನ ಸೇರುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿದ ಈ ಜನರ ಭಾಷೆಗೆ ಸ್ವಂತ ಲಿಪಿಯಿಲ್ಲ. ಆದರೂ ಸೇವಾಲಾಲರ ಕಥೆಗಳೂ ಮದುವೆ-ಹಬ್ಬಗಳ ಹಾಡುಗಳೂ ತಾಂಡಾಗಳಲ್ಲಿ ಬಾಯಿಂದ ಬಾಯಿಗೆ ಬಂದು ಇಂದಿಗೂ ಉಳಿದಿವೆ. ಯಾರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಲಿಲ್ಲ. ಮದುವೆಯಲ್ಲಿ ಹಾಡಬೇಕಿತ್ತು, ಹಬ್ಬದಲ್ಲಿ ಕುಣಿಯಬೇಕಿತ್ತು, ಹಾಗಾಗಿ ಉಳಿಯಿತು. ಮನೆಯ ಬಾಳಿನಲ್ಲಿ ಬಳಕೆಯಾಗುವ ವಿದ್ಯೆಗೆ ಕಾವಲು ಬೇಕಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಮರೆವನ್ನು ಹಗುರವಾಗಿ ಕಂಡರೆ ಶ್ರುತದ ಗತಿಯೇನು? ಅಂಗಜ್ಞಾನವು ಕ್ರಮವಾಗಿ ನಷ್ಟವಾದದ್ದಕ್ಕೆ ನಾವು ಇಂದಿಗೂ ವ್ಯಥೆಪಡುವುದಿಲ್ಲವೇ? ಆಕ್ಷೇಪ ಯೋಗ್ಯವಾದದ್ದೇ. ಆದರೆ ಧರಸೇನಾಚಾರ್ಯರು ಮಾಡಿದ್ದೇನೆಂದು ನೋಡಬೇಕು. ಶಿಷ್ಯರ ಧಾರಣಾಶಕ್ತಿ ಕುಗ್ಗಿತೆಂದು ಅವರು ಯಾರನ್ನೂ ನಿಂದಿಸಲಿಲ್ಲ. ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಉಳಿದಿದ್ದನ್ನು ಧಾರೆಯೆರೆದರು. ಅವರು ಅದನ್ನು ಷಟ್ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದರು. ಅದರ ತಾಡಪ್ರತಿಗಳನ್ನು ನಮ್ಮ ಮೂಡಬಿದಿರೆಯು ಶತಮಾನಗಳ ಕಾಲ ಕಾಪಾಡಿತು. 1939ರಲ್ಲಿ ಧವಲಾ ಟೀಕೆಯೊಡನೆ ಮೊದಲ ಸಂಪುಟ ಅಚ್ಚಾಯಿತು. ಮರೆವೆಂಬ ದೌರ್ಬಲ್ಯಕ್ಕೆ ಹಿರಿಯರು ಕಂಡುಕೊಂಡ ಮದ್ದು ಬರವಣಿಗೆ. ನಾವು ಶ್ರುತಪಂಚಮಿಯಂದು ಪೂಜಿಸುವುದೂ ಆ ವಿವೇಕವನ್ನೇ.

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಇಬ್ಬರು ಮುನಿಗಳನ್ನು ಒಬ್ಬರ ಬೆನ್ನಿಗೆ ಒಬ್ಬರಂತೆ ನಿಲ್ಲಿಸುತ್ತಾರೆ. ಭವ್ಯಸೇನನು ಹನ್ನೊಂದು ಅಂಗಗಳನ್ನು ಓದಿದ್ದರೂ ಭಾವಶ್ರಮಣನಾಗಲಿಲ್ಲ. ಶಿವಭೂತಿಯು ಹೊಟ್ಟು ಬೇರೆ, ಉದ್ದು ಬೇರೆ ಎಂಬಷ್ಟನ್ನೇ ಘೋಷಿಸುತ್ತ, ಭಾವಶುದ್ಧಿಯಿಂದ ಕೇವಲಜ್ಞಾನ ಪಡೆದನು. ಇದರಿಂದ ಓದು ವ್ಯರ್ಥವೆಂದು ತಿಳಿಯಬಾರದು. ಉಳಿದದ್ದರ ಪ್ರಮಾಣದಿಂದಲೇ ವಿದ್ಯೆಯನ್ನು ಅಳೆಯಲಾಗದೆಂದು ತಿಳಿದರೆ ಸಾಕು.

ಪರೀಕ್ಷೆಗಳು ಇದ್ದೇ ಇವೆ. ಮನೆಯಲ್ಲಿ ಕಲಿತ ಮಗುವೂ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಕುಳಿತರೆ ನೆನಪಿನಿಂದಲೇ ಉತ್ತರಿಸಬೇಕು. ಅದಕ್ಕೆ ಆ ವರ್ಷದ ಸಿದ್ಧತೆ ಬೇಕು; ಅದಕ್ಕಾಗಿ ಹತ್ತು ವರ್ಷದ ಬಾಲ್ಯವನ್ನು ಭಯದಲ್ಲಿ ಕಳೆಯಬೇಕಾಗಿಲ್ಲ. ಮರೆತ ಮಗುವನ್ನು ಬಂಧುಗಳ ಮುಂದೆ ಹಂಗಿಸುವುದು, ತಮ್ಮನೊಡನೆ ಹೋಲಿಸುವುದು, ಪುಸ್ತಕವನ್ನೇ ಶಿಕ್ಷೆಯಾಗಿಸುವುದು ಮಾತಿನ ಹಿಂಸೆಯಲ್ಲದೆ ಬೇರೇನು? ಜ್ಞಾನಕ್ಕೆ ಅಂತರಾಯವನ್ನೊಡ್ಡುವುದು ಜ್ಞಾನಾವರಣದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಕಲಿಕೆಯೆಂದರೆ ಮಗು ನಡುಗುವಂತೆ ಮಾಡಿದವರು ಆ ಮಾತನ್ನು ತಮಗೆ ಅನ್ವಯಿಸಿಕೊಳ್ಳುವುದು ಒಳಿತು.

ಆದುದರಿಂದ ಕಂಠಸ್ಥವಾಗಬೇಕಾದದ್ದು ಸ್ವಲ್ಪವಿರಲಿ, ಅದು ಗಟ್ಟಿಯಾಗಿರಲಿ: ಣಮೋಕಾರ ಮಂತ್ರ, ಮಗ್ಗಿ, ತಪ್ಪಿಲ್ಲದ ಓದು ಬರಹ. ಉಳಿದದ್ದರಲ್ಲಿ ಎಲ್ಲಿ ಹುಡುಕಬೇಕೆಂಬ ಅರಿವೂ ಹುಡುಕುವ ಆಸೆಯೂ ಉಳಿದರೆ ಸಾಕು. ಬಸದಿಗಳ ಆಡಳಿತ ಮಂಡಳಿಯವರು ಮುಂದಿನ ಶ್ರುತಪಂಚಮಿಯಂದು ಹೆಚ್ಚು ಶ್ಲೋಕ ಒಪ್ಪಿಸಿದ ಮಗುವಿಗೆ ಬಹುಮಾನ ಕೊಡಲಿ. ಅದರೊಡನೆ, ಒಂದೇ ಸೂತ್ರದ ಅರ್ಥವನ್ನು ತನ್ನ ಮನೆಯ ನಿತ್ಯಜೀವನದಿಂದ ಉದಾಹರಿಸಿ ಹೇಳಬಲ್ಲ ಮಗುವಿಗೂ ಅಷ್ಟೇ ಬಹುಮಾನ ಕೊಡಲಿ.