ಇಂದಿನ ಚಿಂತನೆ: ಅರ್ಧ ಹೇಳಿದ ಮಾತು



ಹೋದ ಭಾನುವಾರದ ಅಧ್ಯಯನದಲ್ಲಿ ಒಬ್ಬರು ಕೇಳಿದರು: ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆ ಇನ್ನೊಬ್ಬರಿಗೆ ನೋವು ತಂದರೆ ಅದು ಯಾರ ಕರ್ಮ? ಅವತ್ತು ನಾನು ಬಾಯಿ ಬಿಡಲಿಲ್ಲ. ಇವತ್ತು ಬರೆಯುವ ಸರದಿ ನನ್ನದು.

ಎರಡು ವರ್ಷದ ಹಿಂದೆ ನಮ್ಮ ಭಾವನಿಗೆ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಎಲೆ ಅಡಿಕೆ, ಕಡ್ಡಿಪುಡಿ ನಲವತ್ತು ವರ್ಷದ ಅಭ್ಯಾಸ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಶುರುವಿನ ಹಂತ, ಕತ್ತು ಮುಟ್ಟಿದರೂ ಸ್ಕ್ಯಾನ್ ಮಾಡಿದರೂ ಗಂಟು ಕಾಣಲಿಲ್ಲ. ಆದರೂ ಡಾಕ್ಟರು ನಾಲಿಗೆಯ ಜೊತೆ ಆ ಬದಿಯ ಕತ್ತಿನ ಲಿಂಫ್ ಗ್ರಂಥಿಗಳನ್ನೂ ತೆಗೆಯಬೇಕು ಅಂದರು. "ಇಲ್ಲದ ಗಂಟಿಗೆ ಕತ್ತು ಯಾಕೆ ಕೊಯ್ಯಿಸಿಕೊಳ್ಳಲಿ? ಬಂದಾಗ ನೋಡೋಣ" ಅಂತ ಭಾವ ಕೂತುಬಿಟ್ಟರು.

ನ್ಯಾಯವಾದ ಪ್ರಶ್ನೆಯೇ. ವೈದ್ಯರೂ ಬಹಳ ಕಾಲ ಇದನ್ನೇ ವಾದಿಸಿದ್ದಾರೆ. ಬಾಯಿಯ ಕ್ಯಾನ್ಸರ್ ಕಣಗಳು ಲಿಂಫ್ ರಸದ ದಾರಿ ಹಿಡಿದು ಮೊದಲು ಸೇರುವುದು ಕತ್ತಿನ ಗ್ರಂಥಿಗಳನ್ನು. ಕೆಲವೇ ಕಣಗಳಿದ್ದಾಗ ಕೈಗೂ ಸಿಗವು, ಸ್ಕ್ಯಾನಿಗೂ ಸಿಗವು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಂಥ ರೋಗಿಗಳನ್ನೇ ಎರಡು ಗುಂಪು ಮಾಡಿ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ನೂರರಲ್ಲಿ 80 ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಸೋಣ ಅಂತ ಕಾದವರಲ್ಲಿ ಸುಮಾರು 67.

ಈ ಎರಡು ಅಂಕಿ ನಾನು ಭಾವನಿಗೆ ಹೇಳಿದೆ. ಅಕ್ಕನ ಕಣ್ಣೀರೂ ಸೇರಿತು. ಅವರು ಒಪ್ಪಿದರು.

ಆಪರೇಷನ್ ಆದ ಮೇಲೆ ರಿಪೋರ್ಟ್ ಬಂತು. ತೆಗೆದ ಒಂದು ಗ್ರಂಥಿಯಲ್ಲೂ ಕ್ಯಾನ್ಸರ್ ಇರಲಿಲ್ಲ. ನಾವೆಲ್ಲ ಸಂತೋಷಪಟ್ಟೆವು, ಸಿಹಿ ಹಂಚಿದೆವು. ಆದರೆ ಆ ಕತ್ತಿನಲ್ಲಿ ಭುಜ ಎತ್ತುವ ನರವೊಂದು ಹಾದುಹೋಗುತ್ತದೆ. ಉಳಿಸಿದರೂ ಒಮ್ಮೊಮ್ಮೆ ಸೊರಗುತ್ತದೆ. ಭಾವನದು ಸೊರಗಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇತ್ತು. ಮೊದಲೇ ತೆಗೆಸಿಕೊಂಡವರಲ್ಲಿ ಗ್ರಂಥಿಗೆ ರೋಗ ಮುಟ್ಟಿದ್ದು ಸುಮಾರು ಹತ್ತರಲ್ಲಿ ಮೂವರಿಗೆ. ಉಳಿದ ಏಳು ಮಂದಿ ಭಾವನ ಹಾಗೆ. ಯಾರು ಮೂವರು, ಯಾರು ಏಳು ಅಂತ ತೆಗೆದು ನೋಡುವ ತನಕ ತಿಳಿಯುವುದಿಲ್ಲ, ನಿಜ. ಆದರೆ ಈ ಅಂಕಿಯೂ ನನಗೆ ಗೊತ್ತಿತ್ತು. ಹೇಳಲಿಲ್ಲ.

ಕರ್ಮವನ್ನು ತೂಗುವುದು ಚೇತನಾದಿಂದ, ಫಲದಿಂದಲ್ಲ ಅಂತ ನಾವು ಓದುತ್ತೇವೆ. ಎರಡು ವರ್ಷ ಅದರ ನೆರಳಲ್ಲಿ ಆರಾಮಾಗಿ ಕೂತಿದ್ದೆ. ಸಲಹೆ ಸರಿಯಾಗಿತ್ತು, ಈಗಲೂ ಅದನ್ನೇ ಕೊಡುತ್ತೇನೆ. ಧ್ಯಾನಕ್ಕೆ ಕೂತಾಗ ಮುಳ್ಳಾಗಿ ಚುಚ್ಚಿದ್ದು ಬೇರೆ: ಆ ಹೊತ್ತು ನನ್ನ ಚೇತನಾ ಏನಾಗಿತ್ತು? ಭಾವನಿಗೆ ಅರ್ಥವಾಗಲಿ ಅಂತಲ್ಲ, ಅವರು ಹೂಂ ಅನ್ನಲಿ ಅಂತ. ಅಕ್ಕ ಒಂಟಿಯಾದಾಳು ಅನ್ನುವ ಭಯ ನನ್ನದು, ಕತ್ತು ಅವರದು. ಸುಳ್ಳು ಹೇಳಲಿಲ್ಲ, ಸಮ್ಮಾವಾಚಾ ಮುರಿಯಲಿಲ್ಲ ಅಂತ ವಕೀಲನ ಹಾಗೆ ವಾದಿಸಿಕೊಂಡಿದ್ದೆ.

ಹೋದ ತಿಂಗಳು ಊರಿಗೆ ಹೋದಾಗ ಎಲ್ಲ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವತ್ತು ಹೇಳಿದ್ರೆ ನಾನು ಖಂಡಿತ ಮಾಡಿಸ್ಕೊಳ್ತಿರಲಿಲ್ಲ" ಅಂದರು. ಆಮೇಲೆ, "ಆದ್ರೂ ಹೇಳಬೇಕಿತ್ತು ಕಣೋ."

ಎದ್ದು ಹೊರಡುವಾಗ ಅಟ್ಟದ ಮೇಲಿದ್ದ ಡಬ್ಬ ಇಳಿಸಿಕೊಡು ಅಂದರು. ಇಳಿಸಿಕೊಟ್ಟೆ.